ಲಿನಕ್ಸ್ ಗಣಕಕ್ಕೆ ವಿಳಾಸ: ತಾನಾಗಿ ಸಿಗಬೇಕೋ, ನಾವೇ ಕೊಡಬೇಕೋ?



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಕರೆಗಳಲ್ಲಿ ಈಚೆಗೆ ಹಾಡಿನ ಕೋರಿಕೆಯ ಜೊತೆಗೆ ಕಂಪ್ಯೂಟರಿನ ಪ್ರಶ್ನೆಗಳೂ ಸೇರಿಕೊಂಡಿವೆ. ಅದಕ್ಕೆ ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಒಗ್ಗದ ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಬದಲು ಅದಕ್ಕೆ ಉಬುಂಟು, ಮಿಂಟ್, ಫೆಡೋರಾದಂಥ ಲಿನಕ್ಸ್ ಹಾಕಿಕೊಂಡವರು ನಮ್ಮಲ್ಲಿ ಹಲವರಿದ್ದಾರೆ. ಹಾಕಿಕೊಂಡ ಮೇಲೆ ಅವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಆಟೊಮ್ಯಾಟಿಕ್ ಎಂದಿದೆ, ಮ್ಯಾನುಯಲ್ ಎಂದೂ ಇದೆ. ಯಾವುದನ್ನು ಆರಿಸಲಿ?"

ರೇಡಿಯೋದಲ್ಲಿ ಇದಕ್ಕೆ ಪೂರ್ತಿ ಉತ್ತರ ಹೇಳುವುದು ಕಷ್ಟ. ಅಂಕೆಗಳನ್ನು ಕಿವಿಯಲ್ಲಿ ಕೇಳಿ ನೆನಪಿಡಲಾಗದು, ಕಣ್ಣಾರೆ ನೋಡಬೇಕು. ಹಾಗಾಗಿ ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇವೆ.

ಒಂದು ಅರ್ಜಿಯ ಕತೆ

ಮೊದಲು ನಮ್ಮದೇ ಒಂದು ಪೇಚಾಟ ಹೇಳಿಬಿಡುತ್ತೇನೆ. ನಾನು ಬಿಡುವಿನಲ್ಲಿ ಕೆಲಸ ಮಾಡುವ ಒಂದು ಕನ್ನಡ ವಾಚನಾಲಯದಲ್ಲಿ ಎಂಟು ಹಳೆಯ ಗಣಕಗಳಿವೆ. ಎಲ್ಲದರಲ್ಲೂ ಲಿನಕ್ಸ್. ಒಂದು ಪ್ರಿಂಟರ್ ಇದೆ. ಅದರ ವಿಳಾಸ ದಿನಕ್ಕೊಂದಾದರೆ ಗಣಕಗಳಿಗೆ ಅದು ಸಿಗುವುದಿಲ್ಲವಲ್ಲ ಎಂದು ನಾನೇ ಅದಕ್ಕೆ 192.168.1.20 ಎಂಬ ಸಂಖ್ಯೆಯನ್ನು ಕೈಯಾರೆ ಕೊಟ್ಟಿದ್ದೆ. ತಿಂಗಳುಗಟ್ಟಲೆ ಎಲ್ಲವೂ ಸರಿಯಾಗಿಯೇ ನಡೆಯಿತು.

ಕಾಲೇಜು ಪ್ರವೇಶದ ಅರ್ಜಿ ತುಂಬುವ ಕೊನೆಯ ದಿನ ಬಂತು. ವಾಚನಾಲಯ ತುಂಬಿ ಹೋಗಿತ್ತು. ಎಂದೂ ಯಾರೂ ಕೂರದ ಎಂಟನೆಯ ಗಣಕವನ್ನೂ ಅಂದು ಹಚ್ಚಬೇಕಾಯಿತು. ಅದರ ಮುಂದೆ ಕುಳಿತ ಹುಡುಗಿ ಅರ್ಜಿಯನ್ನೆಲ್ಲ ತುಂಬಿ 'ಸಲ್ಲಿಸು' ಒತ್ತಿದರೆ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು. ಮತ್ತೆ ತುಂಬಿದಳು, ಮತ್ತೆ ಅದೇ. ಪಕ್ಕದ ಏಳು ಗಣಕಗಳಲ್ಲಿ ಇಂಟರ್‌ನೆಟ್ ಚೆನ್ನಾಗಿಯೇ ಇದೆ, ಇದೊಂದರಲ್ಲಿ ಮಾತ್ರ ಬಂದು ಹೋಗಿ ಮಾಡುತ್ತಿದೆ. ಗಣಕವನ್ನು ಆರಿಸಿ ಹಚ್ಚಿದೆವು. ಪ್ರಯೋಜನವಿಲ್ಲ. ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದಿದ್ದ ಅವಳ ತಂದೆ ಗಡಿಯಾರ ನೋಡುತ್ತಾ ಕುಳಿತಿದ್ದರು.

ಕೊನೆಗೆ ಲ್ಯಾನ್ ಕೇಬಲ್ ಕಿತ್ತು, ಒಂದು ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, ಮೊಬೈಲಿನ ಇಂಟರ್‌ನೆಟ್ ಹಂಚಿಕೊಂಡೆವು. ಲಿನಕ್ಸ್ ಅದನ್ನು ಹೊಸ ಜಾಲವೆಂದು ಗುರುತಿಸಿ ಕ್ಷಣದಲ್ಲಿ ಸಂಪರ್ಕ ಪಡೆಯಿತು. ಅರ್ಜಿ ಹೋಯಿತು. ತಪ್ಪು ಎಲ್ಲಿತ್ತೆಂದು ಗೊತ್ತಾದದ್ದು ಮರುದಿನ. ಅದು ಯಂತ್ರದ್ದಲ್ಲ, ನನ್ನದು. ಅದೇನೆಂದು ತಿಳಿಯಲು ವಿಳಾಸದ ವ್ಯವಹಾರವನ್ನು ಸ್ವಲ್ಪ ನೋಡಬೇಕು.

ಗಣಕ ಕೇಳುವ ನಾಲ್ಕು ಸಂಗತಿಗಳು

ಯಾವುದೇ ಗಣಕ ಜಾಲಕ್ಕೆ ಸೇರಬೇಕಾದರೆ ಅದಕ್ಕೆ ನಾಲ್ಕು ಸಂಗತಿ ಗೊತ್ತಿರಬೇಕು. ಒಂದು, ತನ್ನ ಐಪಿ ವಿಳಾಸ. ಎರಡು, ನೆಟ್‌ಮಾಸ್ಕ್, ಅಂದರೆ ಆ ವಿಳಾಸದಲ್ಲಿ ಎಷ್ಟು ಭಾಗ ಕಟ್ಟಡದ ಹೆಸರು, ಎಷ್ಟು ಭಾಗ ಖೋಲಿ ನಂಬರು ಎಂಬ ಲೆಕ್ಕ. ಮೂರು, ಗೇಟ್‌ವೇ, ಅಂದರೆ ಕಟ್ಟಡದಿಂದ ಹೊರಗೆ ಹೋಗುವ ಬಾಗಿಲು. ಮನೆಗಳಲ್ಲಿ ಇದು ರೂಟರ್. ನಾಲ್ಕು, ಡಿಎನ್‌ಎಸ್ ಸರ್ವರ್. ನಾವು ಟೈಪ್ ಮಾಡುವ ಜಾಲತಾಣದ ಹೆಸರನ್ನು ಸಂಖ್ಯೆಗೆ ಬದಲಿಸಿ ಕೊಡುವುದು ಇದರ ಕೆಲಸ.

192.168.1.20 ಎಂಬ ವಿಳಾಸವನ್ನು 255.255.255.0 ಎಂಬ ಮಾಸ್ಕ್ ಜೊತೆ ಕೊಟ್ಟರೆ, ಮೊದಲ ಮೂರು ಅಂಕಿಗಳು ಕಟ್ಟಡ, ಕೊನೆಯ 20 ಖೋಲಿ. ಇಂಥ ಒಂದು ಕಟ್ಟಡದಲ್ಲಿ 254 ಉಪಕರಣಗಳಿಗೆ ಜಾಗವಿದೆ. ನಿಮ್ಮ ಮನೆಯಲ್ಲೂ ಪಕ್ಕದ ಮನೆಯಲ್ಲೂ ಇದೇ 192.168.1 ಇದ್ದರೆ ಗಾಬರಿ ಬೇಡ. 10, 192.168 ಮತ್ತು 172.16ರಿಂದ 172.31ರವರೆಗೆ ಆರಂಭವಾಗುವ ಸಂಖ್ಯೆಗಳನ್ನು ಖಾಸಗಿ ಬಳಕೆಗೆಂದೇ ಬಿಟ್ಟಿದ್ದಾರೆ. ಇವತ್ತಿಗೂ ಜಾರಿಯಲ್ಲಿರುವ ಈ ನಿಯಮ 1996ರದು. ಐಪಿವಿ4ರಲ್ಲಿ ಒಟ್ಟು ಇರುವುದೇ ಸುಮಾರು 429 ಕೋಟಿ ವಿಳಾಸ. ಜಗತ್ತಿನ ಎಲ್ಲ ಉಪಕರಣಗಳಿಗೆ ಅದು ಸಾಲದು.

ಈ ನಾಲ್ಕನ್ನೂ ನಾವೇ ಟೈಪ್ ಮಾಡಿದರೆ ಅದು ಮ್ಯಾನುಯಲ್, ಅಂದರೆ ಕೈಯಾರೆ ಜೋಡಣೆ. ಗಣಕವೇ ಕೇಳಿ ಪಡೆದುಕೊಂಡರೆ ಆಟೊಮ್ಯಾಟಿಕ್.

ಚೀಟಿಯ ಕಾಲ

2000ದ ದಶಕದ ಆರಂಭದಲ್ಲಿ ಮುಂಬಯಿ, ಪುಣೆಗಳಲ್ಲಿ ಕೇಬಲ್‌ನವರಿಂದ ಇಂಟರ್‌ನೆಟ್ ಪಡೆದವರಿಗೆ ಕೈಯಾರೆ ಜೋಡಣೆ ಹೊಸದಲ್ಲ. ಕೇಬಲ್ ಹುಡುಗ ಮಹಡಿಯಿಂದ ತಂತಿ ಇಳಿಸಿ, ಒಂದು ಚೀಟಿಯಲ್ಲಿ ನಾಲ್ಕು ಸಾಲು ಸಂಖ್ಯೆ ಗೀಚಿ ಕೊಡುತ್ತಿದ್ದ. ಅದನ್ನು ಜೋಪಾನವಾಗಿ ಇಡಬೇಕಿತ್ತು. ಗಣಕವನ್ನು ಫಾರ್ಮ್ಯಾಟ್ ಮಾಡಿದ ದಿನ ಚೀಟಿ ಕಳೆದಿದ್ದರೆ ಇಂಟರ್‌ನೆಟ್ ಇಲ್ಲ.

ಹಾಗೆಂದು ತಾನಾಗಿ ಕೊಡುವ ವಿಧಾನ ಆಗ ಇರಲಿಲ್ಲವೆಂದಲ್ಲ. ಬೂಟ್‌ಪಿ ಎಂಬ ಮೊದಲ ಏರ್ಪಾಡು 1985ರದು. ಅದನ್ನು ಬೆಳೆಸಿ 1993ರಲ್ಲಿ ಡಿಎಚ್‌ಸಿಪಿ ಎಂಬ ನಿಯಮಾವಳಿ ರೂಪಿಸಿದರು. ರಾಲ್ಫ್ ಡ್ರೋಮ್ಸ್ ಬರೆದ ಅದರ ಪರಿಷ್ಕೃತ ರೂಪ 1997ರಲ್ಲಿ ಬಂತು. ಇವತ್ತು ಮನೆಯ ರೂಟರಿನಿಂದ ಹಿಡಿದು ವಿಮಾನ ನಿಲ್ದಾಣದ ವೈ-ಫೈವರೆಗೆ ನಡೆಯುತ್ತಿರುವುದು ಅದೇ ವ್ಯವಹಾರ.

ಹನ್ನೊಂದು ತಿಂಗಳ ಕರಾರು

ಮಹಾನಗರದಲ್ಲಿ ಬಾಡಿಗೆ ಮನೆ ಹಿಡಿದವರಿಗೆ ಡಿಎಚ್‌ಸಿಪಿ ಅರ್ಥ ಮಾಡಿಸುವುದು ಸುಲಭ. ಗಣಕ ಜಾಲಕ್ಕೆ ಕಾಲಿಟ್ಟಾಗ ಅದಕ್ಕೆ ವಿಳಾಸವಿಲ್ಲ, ಯಾರನ್ನು ಕೇಳಬೇಕೆಂದೂ ಗೊತ್ತಿಲ್ಲ. ಹಾಗಾಗಿ ಎಲ್ಲರಿಗೂ ಕೇಳುವಂತೆ ಕೂಗುತ್ತದೆ: "ಇಲ್ಲಿ ವಿಳಾಸ ಕೊಡುವವರು ಯಾರಾದರೂ ಇದ್ದೀರಾ?" ರೂಟರ್ ಓಗೊಡುತ್ತದೆ: "ನನ್ನಲ್ಲಿ ಈ ಸಂಖ್ಯೆ ಖಾಲಿ ಇದೆ." ಗಣಕ "ಸರಿ, ಅದನ್ನೇ ಕೊಡಿ" ಎನ್ನುತ್ತದೆ. ರೂಟರ್ "ಆಯಿತು, ಇಷ್ಟು ಹೊತ್ತು ನಿನ್ನದು" ಎಂದು ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ನಾಲ್ಕು ಮಾತು, ಅಷ್ಟೆ. ವಿಳಾಸದ ಜೊತೆಗೆ ಮಾಸ್ಕ್, ಗೇಟ್‌ವೇ, ಡಿಎನ್‌ಎಸ್ ಮೂರೂ ಬಂದುಬಿಡುತ್ತವೆ.

"ಇಷ್ಟು ಹೊತ್ತು" ಎಂಬುದು ಇಲ್ಲಿ ಮುಖ್ಯ. ವಿಳಾಸ ಸಿಗುವುದು ಬಾಡಿಗೆಗೆ, ಖರೀದಿಗಲ್ಲ. ಕರಾರು 24 ತಾಸಿನದೆಂದು ಇಟ್ಟುಕೊಳ್ಳಿ. ಅರ್ಧ ಅವಧಿ, ಅಂದರೆ 12 ತಾಸು ಕಳೆಯುತ್ತಲೇ ಗಣಕ ಅದೇ ಮಾಲೀಕನ ಬಳಿ ಹೋಗಿ ಕರಾರು ನವೀಕರಿಸಲು ಕೇಳುತ್ತದೆ. ಉತ್ತರ ಬಾರದಿದ್ದರೆ 21 ತಾಸಿನ ಹೊತ್ತಿಗೆ, ಯಾರಾದರೂ ಸರಿ ನವೀಕರಿಸಿ ಎಂದು ಎಲ್ಲರನ್ನೂ ಕೇಳುತ್ತದೆ. 24 ತಾಸಾದರೂ ಯಾರೂ ಓಗೊಡದಿದ್ದರೆ ಖೋಲಿ ಖಾಲಿ ಮಾಡಬೇಕು. ನಾವು ಸಿನಿಮಾ ನೋಡುತ್ತಿರುವಾಗಲೇ ಇದೆಲ್ಲ ನಡೆಯುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ.

ಇನ್ನೊಂದು ಸಂಗತಿ. ಗಣಕವನ್ನು ಆರಿಸಿ ಹಚ್ಚಿದಾಗ ಅದು ಸಾಮಾನ್ಯವಾಗಿ ಹಳೆಯ ಸಂಖ್ಯೆಯನ್ನೇ ಮೊದಲು ಕೇಳುತ್ತದೆ. ಹಾಗಾಗಿ ಬಹಳ ದಿನ ಒಂದೇ ವಿಳಾಸ ಇರುವಂತೆ ಕಾಣುತ್ತದೆ. ಅದು ರೂಢಿ ಮಾತ್ರ, ಖಾತರಿಯಲ್ಲ.

ಅಂದು ಆದದ್ದೇನು?

ನಮ್ಮ ವಾಚನಾಲಯದ ರೂಟರ್ 192.168.1.2ರಿಂದ 254ರವರೆಗೆ ಎಲ್ಲ ಸಂಖ್ಯೆಗಳನ್ನೂ ಬಾಡಿಗೆಗೆ ಇಟ್ಟಿತ್ತು. ಹಂಚುತ್ತಿದ್ದುದು ಸಣ್ಣ ಸಂಖ್ಯೆಯಿಂದ ಮೇಲಕ್ಕೆ. ಪ್ರಿಂಟರಿಗೆ ನಾನು ಕೈಯಾರೆ 20 ಕೊಟ್ಟದ್ದು ರೂಟರಿಗೆ ಗೊತ್ತೇ ಇಲ್ಲ. ಅದರ ಪಟ್ಟಿಯಲ್ಲಿ 20 ಇನ್ನೂ ಖಾಲಿ. ದಿನವೂ ಏಳೆಂಟು ಉಪಕರಣ ಇರುವಾಗ ತೊಂದರೆ ಬರಲಿಲ್ಲ. ಅರ್ಜಿಯ ದಿನ ಬಂದವರ ಮೊಬೈಲುಗಳೆಲ್ಲ ವೈ-ಫೈಗೆ ಸೇರಿದವು. 2ರಿಂದ ಎಣಿಸಿದರೆ ಹತ್ತೊಂಬತ್ತನೆಯ ಉಪಕರಣಕ್ಕೆ 20 ಬರುತ್ತದೆ. ಆ ಹತ್ತೊಂಬತ್ತನೆಯದು ನಮ್ಮ ಎಂಟನೆಯ ಗಣಕ.

ಸಂಖ್ಯೆ ಕೊಡುವ ಮೊದಲು ಅದು ಬೇರೆಯವರ ಬಳಿ ಇದೆಯೇ ಎಂದು ಪರೀಕ್ಷಿಸುವ ರೂಟರುಗಳಿವೆ, ಗಣಕಗಳೂ ಇವೆ. ಆದರೆ ಆ ಹೊತ್ತಿಗೆ ನಮ್ಮ ಪ್ರಿಂಟರನ್ನು ಇನ್ನೂ ಹಚ್ಚಿರಲಿಲ್ಲ. ಆರಿಸಿದ ಯಂತ್ರ ಉತ್ತರ ಕೊಡುವುದು ಹೇಗೆ? ಯಾರೋ ಅರ್ಜಿಯ ಪ್ರತಿ ಬೇಕೆಂದು ಪ್ರಿಂಟರ್ ಹಚ್ಚಿದರು. ಒಂದೇ ಖೋಲಿ ನಂಬರಿಗೆ ಇಬ್ಬರಾದರು. ಹೊರಗಿನಿಂದ ಉತ್ತರ ಬಂದಾಗ ರೂಟರ್ "20 ಯಾರು?" ಎಂದು ಕೇಳುತ್ತದೆ. ಇಬ್ಬರೂ "ನಾನು" ಎನ್ನುತ್ತಾರೆ. ಒಮ್ಮೆ ಟಪಾಲು ಹುಡುಗಿಯ ಗಣಕಕ್ಕೆ, ಒಮ್ಮೆ ಪ್ರಿಂಟರಿಗೆ. ಅದಕ್ಕೇ ಬಂದು ಹೋಗಿ ಮಾಡುತ್ತಿತ್ತು. ಗಣಕವನ್ನು ಆರಿಸಿ ಹಚ್ಚಿದರೂ ಸರಿಹೋಗದಿರಲು ಕಾರಣ ಮೇಲೆ ಹೇಳಿದ್ದೇ: ಅದು ಮತ್ತೆ ಹಳೆಯ 20ನ್ನೇ ಕೇಳಿ ಪಡೆಯಿತು.

ಕೈಯಾರೆ ಕೊಟ್ಟದ್ದೂ ತಪ್ಪಲ್ಲ, ತಾನಾಗಿ ಬಂದದ್ದೂ ತಪ್ಪಲ್ಲ. ಎರಡನ್ನೂ ಒಂದೇ ಸಂಖ್ಯೆಗಳ ರಾಶಿಯಿಂದ ಕೊಟ್ಟದ್ದು ತಪ್ಪು.

ಯಾರಿಗೆ ಯಾವುದು?

ಜಾಗ ಬದಲಿಸುವ ಯಂತ್ರಗಳಿಗೆ, ಅಂದರೆ ಲ್ಯಾಪ್‌ಟಾಪ್, ಮೊಬೈಲ್, ಊರಿಗೆ ಕೊಂಡೊಯ್ಯುವ ಗಣಕಗಳಿಗೆ ಆಟೊಮ್ಯಾಟಿಕ್ ಒಂದೇ ಸರಿ. ಚೆನ್ನೈನ ಮನೆಯ ಸಂಖ್ಯೆಯನ್ನು ಲ್ಯಾಪ್‌ಟಾಪಿಗೆ ಕೈಯಾರೆ ಬರೆದುಕೊಂಡು ಹುಬ್ಬಳ್ಳಿಯ ಮಾವನ ಮನೆಗೆ ಹೋದರೆ ಅಲ್ಲಿನ ರೂಟರ್ ಬೇರೆ ಕಟ್ಟಡದ ಲೆಕ್ಕದಲ್ಲಿರಬಹುದು. ವೈ-ಫೈ ಸೇರಿದಂತೆ ಕಂಡರೂ ಪುಟ ತೆರೆಯುವುದಿಲ್ಲ. ಮನೆಯ ಸಾಮಾನ್ಯ ಡೆಸ್ಕ್‌ಟಾಪಿಗೂ ಆಟೊಮ್ಯಾಟಿಕ್ ಸಾಕು.

ಇತರರು ಹುಡುಕಿಕೊಂಡು ಬರುವ ಯಂತ್ರಗಳಿಗೆ ಸ್ಥಿರ ವಿಳಾಸ ಬೇಕು: ಪ್ರಿಂಟರ್, ಸಿಸಿಟಿವಿ ರೆಕಾರ್ಡರ್, ಫೋಟೋ ಮತ್ತು ಹಾಡು ಕೂಡಿಟ್ಟ ಕಡತ ಸರ್ವರ್. ರೂಟರಿಗಂತೂ ಸ್ಥಿರ ವಿಳಾಸ ಬೇಕೇ ಬೇಕು. ಬಾಗಿಲೇ ದಿನಕ್ಕೊಂದು ಕಡೆ ಹೋದರೆ ಹೊರಗೆ ಹೋಗುವುದು ಹೇಗೆ?

ಸ್ಥಿರ ವಿಳಾಸ ಕೊಡಲು ಎರಡು ದಾರಿ. ಒಂದು, ರೂಟರಿನ ಪುಟಕ್ಕೆ ಹೋಗಿ ಬಾಡಿಗೆಯ ಸಂಖ್ಯೆಗಳನ್ನು 100ರಿಂದ 199ರವರೆಗೆ ಎಂದು ಮಿತಿಗೊಳಿಸಿ, 2ರಿಂದ 99ರವರೆಗಿನದನ್ನು ಕೈಯಾರೆ ಕೊಡಲು ಇಟ್ಟುಕೊಳ್ಳುವುದು. ಕೊಟ್ಟದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು. ಎರಡು, ಕಾಯ್ದಿರಿಸುವಿಕೆ. ಪ್ರತಿ ಜಾಲ ಕಾರ್ಡಿಗೂ ತಯಾರಕರು ಕೊಟ್ಟ ಮ್ಯಾಕ್ ವಿಳಾಸ ಎಂಬ ಗುರುತು ಇರುತ್ತದೆ. "ಈ ಗುರುತಿನವರು ಬಂದರೆ 20ನ್ನೇ ಕೊಡು, ಬೇರೆ ಯಾರಿಗೂ ಕೊಡಬೇಡ" ಎಂದು ರೂಟರಿನಲ್ಲಿ ಬರೆದಿಡಬಹುದು. ಯಂತ್ರದಲ್ಲಿ ಆಟೊಮ್ಯಾಟಿಕ್ ಎಂದೇ ಇರುತ್ತದೆ, ಸಂಖ್ಯೆ ಮಾತ್ರ ಬದಲಾಗದು. ಲೆಕ್ಕವೆಲ್ಲ ಒಂದೇ ಕಡೆ ಇರುವುದರಿಂದ ಗೊಂದಲ ಕಡಿಮೆ. ನಮ್ಮ ವಾಚನಾಲಯದಲ್ಲಿ ಈಗ ಇದನ್ನೇ ಮಾಡಿದ್ದೇವೆ. ಒಂದು ಎಚ್ಚರಿಕೆ: ಆಂಡ್ರಾಯ್ಡ್ 10 ಹಾಗೂ ಐಓಎಸ್ 14ರಿಂದ ಈಚೆಗೆ ಮೊಬೈಲುಗಳು ವೈ-ಫೈಯಲ್ಲಿ ನಿಜವಾದ ಮ್ಯಾಕ್ ವಿಳಾಸ ತೋರಿಸದೆ ಬೇರೊಂದನ್ನು ತೋರಿಸಬಲ್ಲವು. ಮೊಬೈಲಿಗೆ ಸಂಖ್ಯೆ ಕಾಯ್ದಿರಿಸುವವರು ಇದನ್ನು ನೋಡಿಕೊಳ್ಳಬೇಕು.

ಲಿನಕ್ಸಿನಲ್ಲಿ ಎಲ್ಲಿ ಬದಲಿಸಬೇಕು?

ಉಬುಂಟು, ಫೆಡೋರಾದ ಡೆಸ್ಕ್‌ಟಾಪಿನಲ್ಲಿ ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್‌ಗೆ ಹೋಗಿ. ಸಂಪರ್ಕದ ಪಕ್ಕದ ಹಲ್ಲುಗಾಲಿಯ ಚಿತ್ರ ಒತ್ತಿ, ಐಪಿವಿ4 ಎಂಬ ಪುಟ ತೆರೆಯಿರಿ. ಆಟೊಮ್ಯಾಟಿಕ್, ಮ್ಯಾನುಯಲ್ ಎರಡೂ ಅಲ್ಲೇ ಇವೆ. ಮ್ಯಾನುಯಲ್ ಆರಿಸಿದರೆ ಮೇಲೆ ಹೇಳಿದ ನಾಲ್ಕನ್ನೂ ತುಂಬಬೇಕು. ಬಹಳ ಜನ ವಿಳಾಸ, ಮಾಸ್ಕ್, ಗೇಟ್‌ವೇ ತುಂಬಿ ಡಿಎನ್‌ಎಸ್ ಮರೆಯುತ್ತಾರೆ. ಉಳಿಸಿದ ಮೇಲೆ ಸಂಪರ್ಕವನ್ನು ಒಮ್ಮೆ ಆರಿಸಿ ಹಚ್ಚಿದರೆ ಮಾತ್ರ ಹೊಸದು ಜಾರಿಗೆ ಬರುತ್ತದೆ.

ಈ ಕಿಟಕಿಯ ಹಿಂದೆ ದುಡಿಯುವುದು ನೆಟ್‌ವರ್ಕ್ ಮ್ಯಾನೇಜರ್ ಎಂಬ ತಂತ್ರಾಂಶ. ರೆಡ್ ಹ್ಯಾಟ್ ಸಂಸ್ಥೆ 2004ರಲ್ಲಿ ಆರಂಭಿಸಿದ್ದು. ಅದಕ್ಕೂ ಮೊದಲು ಲಿನಕ್ಸ್ ಬಳಸಿದವರಿಗೆ ಕಡತ ತಿದ್ದುವುದೇ ಗತಿ. ಡೆಬಿಯನ್‌ನಲ್ಲಿ ಇಂಟರ್‌ಫೇಸಸ್ ಎಂಬ ಕಡತ, ರೆಡ್ ಹ್ಯಾಟ್‌ನಲ್ಲಿ ಪ್ರತಿ ಕಾರ್ಡಿಗೆ ಒಂದೊಂದು ಕಡತ. ಉಬುಂಟು 2017ರಲ್ಲಿ ನೆಟ್‌ಪ್ಲಾನ್ ಎಂಬ ಹೊಸ ಬಗೆ ತಂದಿತು. ಪುಟ್ಟ ರಾಸ್‌ಬೆರಿ ಪೈ ಗಣಕಗಳ ತಂತ್ರಾಂಶವೂ 2023ರಲ್ಲಿ ನೆಟ್‌ವರ್ಕ್ ಮ್ಯಾನೇಜರಿಗೆ ಬದಲಾಯಿತು. ಹಾಗಾಗಿ ಹಳೆಯ ಪುಸ್ತಕ ನೋಡಿಕೊಂಡು ಕಡತ ತಿದ್ದಲು ಹೊರಟರೆ ಕೆಲವೊಮ್ಮೆ ಆ ಕಡತವೇ ಸಿಗುವುದಿಲ್ಲ. ಕಾರ್ಡಿನ ಹೆಸರೂ ಬದಲಾಗಿದೆ. ಹಿಂದೆ ಇಟಿಎಚ್0 ಎನ್ನುತ್ತಿದ್ದುದು ಈಗ ಹೆಚ್ಚಿನ ಕಡೆ ಇಎನ್‌ಪಿ3ಎಸ್0 ಎಂಬಂಥ ಉದ್ದ ಹೆಸರು. ಕಾರ್ಡ್ ಯಾವ ಸ್ಥಾನದಲ್ಲಿ ಕೂತಿದೆ ಎಂಬುದನ್ನು ಅದು ಹೇಳುತ್ತದೆ.

ಇಲ್ಲಿ ಎರಡು ಗುಂಡಿಗಳಿವೆ, ಬೀಳದಂತೆ ನೋಡಿಕೊಳ್ಳಿ. ಒಂದು, ಡೆಬಿಯನ್‌ನಲ್ಲಿ ಒಂದು ಕಾರ್ಡಿನ ಹೆಸರನ್ನು ಹಳೆಯ ಇಂಟರ್‌ಫೇಸಸ್ ಕಡತದಲ್ಲಿ ಬರೆದರೆ ನೆಟ್‌ವರ್ಕ್ ಮ್ಯಾನೇಜರ್ ಸಾಮಾನ್ಯವಾಗಿ ಆ ಕಾರ್ಡಿನಿಂದ ಕೈ ತೆಗೆಯುತ್ತದೆ. ಆಮೇಲೆ ಕಿಟಕಿಯಲ್ಲಿ ಏನು ಬದಲಿಸಿದರೂ ನಾಟುವುದಿಲ್ಲ. ಒಂದು ಕಾರ್ಡಿಗೆ ಒಬ್ಬನೇ ಯಜಮಾನನಿರಲಿ. ಎರಡು, ಡಿಎನ್‌ಎಸ್ ಬರೆದಿರುವ ರಿಸಾಲ್ವ್ ಎಂಬ ಕಡತವನ್ನು ಕೈಯಾರೆ ತಿದ್ದಿದರೆ ಈಗ ಸರಿಹೋದಂತೆ ಕಂಡು, ಕರಾರು ನವೀಕರಣವಾದಾಗ ಅಥವಾ ಮತ್ತೆ ಹಚ್ಚಿದಾಗ ಹಳೆಯದೇ ಬರಬಹುದು. ಆ ಕಡತವನ್ನು ತಂತ್ರಾಂಶವೇ ಬರೆಯುತ್ತದೆ. ಬದಲಾವಣೆ ಏನಿದ್ದರೂ ಕಿಟಕಿಯಲ್ಲೇ ಮಾಡಿ.

ದೂರದಿಂದ ತಿದ್ದುವವರಿಗೆ

ದೆಹಲಿಯಲ್ಲಿ ಕುಳಿತು ಊರಿನ ಗಣಕವನ್ನೋ ಕಚೇರಿಯ ಸರ್ವರನ್ನೋ ತಿದ್ದುವವರು ವಿಳಾಸ ಬದಲಿಸುವಾಗ ಬಹಳ ಹುಷಾರಾಗಿರಬೇಕು. ಗೇಟ್‌ವೇಯ ಒಂದು ಅಂಕಿ ತಪ್ಪಿದರೆ ಸಂಪರ್ಕ ಕಡಿದುಹೋಗುತ್ತದೆ. ತಪ್ಪನ್ನು ತಿದ್ದಲು ಬೇಕಾದ ದಾರಿಯೂ ಅದೇ ಆಗಿರುವುದರಿಂದ ಯಾರಾದರೂ ಆ ಯಂತ್ರದ ಮುಂದೆ ಹೋಗಿ ಕೂರಬೇಕಾಗುತ್ತದೆ. ನೆಟ್‌ಪ್ಲಾನ್‌ನಲ್ಲಿ 'ಟ್ರೈ' ಎಂಬ ಒಳ್ಳೆಯ ಏರ್ಪಾಡು ಇದೆ. ಹೊಸ ಜೋಡಣೆ ಜಾರಿಯಾದ ಮೇಲೆ 120 ಸೆಕೆಂಡಿನೊಳಗೆ ನೀವು ಒಪ್ಪಿಗೆ ಕೊಡದಿದ್ದರೆ ಅದು ತಾನಾಗಿ ಹಳೆಯದಕ್ಕೆ ಮರಳುತ್ತದೆ. ಅದನ್ನೇ ಬಳಸಿ.

ನೆಟ್ ಹೋದಾಗ ಕ್ರಮವಾಗಿ ನೋಡಿ

ಮೊದಲು ಕೇಬಲ್, ವೈ-ಫೈ ಸರಿ ಇದೆಯೇ ನೋಡಿ. ಆಮೇಲೆ ಸಂಪರ್ಕದ ವಿವರದಲ್ಲಿ ವಿಳಾಸ ಇದೆಯೇ ನೋಡಿ. ವಿಳಾಸವೇ ಸಿಗದಿದ್ದರೆ ವಿಂಡೋಸ್ 169.254ರಿಂದ ಆರಂಭವಾಗುವ ಒಂದು ಸಂಖ್ಯೆಯನ್ನು ತಾನೇ ಹಾಕಿಕೊಳ್ಳುತ್ತದೆ. ಲಿನಕ್ಸಿನಲ್ಲಿ ಹೆಚ್ಚಾಗಿ ಸಂಪರ್ಕವಾಗುತ್ತಿದೆ ಎಂದು ಸುತ್ತಿ ಸುತ್ತಿ ಕೈಬಿಡುತ್ತದೆ. ಎರಡರ ಅರ್ಥವೂ ಒಂದೇ: ವಿಳಾಸ ಕೊಡುವವನು ಓಗೊಟ್ಟಿಲ್ಲ. ರೂಟರ್ ನೋಡಿ.

ವಿಳಾಸ ಇದ್ದರೆ ಟರ್ಮಿನಲ್ ತೆರೆದು ಪಿಂಗ್ ಎಂಬ ಆದೇಶದಿಂದ ಮೊದಲು ಗೇಟ್‌ವೇಯನ್ನು ಕರೆಯಿರಿ. ಅದು ಓಗೊಟ್ಟರೆ 8.8.8.8 ಎಂಬ ಗೂಗಲ್ ಡಿಎನ್‌ಎಸ್ ಸರ್ವರನ್ನು ಕರೆಯಿರಿ. ಅದೂ ಓಗೊಟ್ಟರೆ ಒಂದು ಜಾಲತಾಣವನ್ನು ಹೆಸರಿನಿಂದ ಕರೆಯಿರಿ. ಗೇಟ್‌ವೇ ಸಿಕ್ಕಿ 8.8.8.8 ಸಿಗದಿದ್ದರೆ ಹೆಚ್ಚಾಗಿ ತೊಂದರೆ ರೂಟರಿನಿಂದ ಆಚೆಗೆ. ಇಂಟರ್‌ನೆಟ್ ಕಂಪನಿಗೆ ದೂರು ಕೊಡಿ. ಸಂಖ್ಯೆ ಸಿಕ್ಕಿ ಹೆಸರು ಸಿಗದಿದ್ದರೆ ಡಿಎನ್‌ಎಸ್ ಸರಿಯಿಲ್ಲ. ಒಮ್ಮೆ ಸಿಕ್ಕು ಒಮ್ಮೆ ತಪ್ಪುತ್ತಿದ್ದರೆ, ಅದೂ ಒಂದೇ ಗಣಕದಲ್ಲಿ ಆಗುತ್ತಿದ್ದರೆ, ನಮ್ಮ ಎಂಟನೆಯ ಗಣಕವನ್ನು ನೆನಪಿಸಿಕೊಂಡು ರೂಟರಿನ ಪಟ್ಟಿ ತೆರೆದು ನೋಡಿ.

ಐಪಿವಿ6 ಎಂಬ ಹೊಸ ಬಗೆಯ ವಿಳಾಸವೂ ಈಗ ನಮ್ಮ ಮೊಬೈಲುಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಕಟ್ಟಡದ ಹೆಸರನ್ನು ರೂಟರ್ ಸಾರುತ್ತದೆ, ಖೋಲಿ ನಂಬರನ್ನು ಗಣಕ ತಾನೇ ಆರಿಸಿಕೊಳ್ಳಬಹುದು. ಮನೆಯ ಬಳಕೆಗೆ ಅದನ್ನು ಆಟೊಮ್ಯಾಟಿಕ್ ಎಂದೇ ಬಿಟ್ಟರೆ ಸಾಕು.

ಕೊನೆಗೊಂದು ಮಾತು. ವಾಚನಾಲಯದ ರೂಟರಿನ ಪಕ್ಕದ ಗೋಡೆಗೆ ಈಗ ಒಂದು ಹಾಳೆ ಅಂಟಿಸಿದ್ದೇವೆ. ಯಾವ ಯಂತ್ರಕ್ಕೆ ಯಾವ ಸಂಖ್ಯೆ, ಕೊಟ್ಟ ತಾರೀಖು ಯಾವುದು, ಕೊಟ್ಟವರು ಯಾರು ಎಂದು ಅದರಲ್ಲಿ ಕನ್ನಡದಲ್ಲಿ ಬರೆದಿದೆ. ನಾನಿಲ್ಲದ ದಿನ ಬರುವವರಿಗೂ ಅದು ಅರ್ಥವಾಗುತ್ತದೆ. ನಿಮ್ಮ ಮನೆಯಲ್ಲಿ, ಸಂಘದಲ್ಲಿ ಸ್ಥಿರ ವಿಳಾಸದ ಒಂದೇ ಒಂದು ಯಂತ್ರವಿದ್ದರೂ ಇಂಥ ಹಾಳೆ ಇರಲಿ. ಮುಂದಿನ ಅರ್ಜಿಯ ಕೊನೆಯ ದಿನ ಎಂದು ಬರುತ್ತದೋ ಹೇಳಲಾಗದು.